ಹಾಯಿಯಾದ ಟಾರ್ಪಾಲು

ಹಾನುಬಾಳಿನ ಎಸ್ಟೇಟ್ ಕೆರೆಯಲ್ಲಿ ಹಾಯಿದೋಣಿ ಮುಳುಗತೊಡಗಿದಾಗ, ಅದರೊಳಗೇ ಕೂತಿದ್ದ, ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್ ಸೋಮಯ್ಯನವರ ಕಣ್ಣು ಗುಡ್ಡದ ಮೇಲಿನ ಕರಿಮೋಡದ ಮೇಲಿತ್ತು. ಜನವರಿ ತಿಂಗಳು. ಕಣದ ತುಂಬ ಐದು ದಿನ ಒಣಗಿದ ಕಾಫಿ. ಅದನ್ನು ಮುಚ್ಚುವ ಒಂದೇ ಒಂದು ದೊಡ್ಡ ಟಾರ್ಪಾಲು ಅವರ ತಲೆಯ ಮೇಲೆ ಹಾಯಿಯಾಗಿ ಉಬ್ಬಿ ನಿಂತಿತ್ತು.

ಹೋದ ವರ್ಷ ಕಾಫಿ ನೆನೆದು ಬೂಷ್ಟು ಹಿಡಿದಾಗ ಎಸ್ಟೇಟಿನ ಒಡತಿ ಚಂದ್ರಿಕಾ, “ಇನ್ನೊಂದು ಸಲ ನೆನೆದರೆ ಬೇರೆ ಕೆಲಸ ನೋಡ್ಕೊಳ್ಳಿ” ಎಂದಿದ್ದರು. ಹೋಂಸ್ಟೇಗೆ ಬರುವವರಿಗೆ ಹಾಯಿದೋಣಿ ಬೇಕೆಂದವರೂ ಅವರೇ. ಅದನ್ನು ಕಟ್ಟಿದವನು ಸಕಲೇಶಪುರದಲ್ಲಿ ನಲವತ್ತು ವರ್ಷ ಲಾರಿ ಬಾಡಿ ಕಟ್ಟಿದ ಯಾಕೂಬ್. ಹಾಯಿಬಟ್ಟೆ ಇನ್ನೂ ಬಂದಿರಲಿಲ್ಲ. ಅರ್ಧ ಗಂಟೆಯ ಪರೀಕ್ಷೆ ತಾನೇ ಎಂದು ಸೋಮಯ್ಯನವರು ಟಾರ್ಪಾಲನ್ನು ಹಗ್ಗದ ಸಮೇತ ಕೊಟ್ಟಿದ್ದರು.

ಈಗ ತಳದ ಆರು ತೂತುಗಳಿಂದ ನೀರು ಒಂದೇ ಎತ್ತರಕ್ಕೆ ಚಿಮ್ಮುತ್ತಿತ್ತು. ಪಕ್ಕದಲ್ಲೇ ಕೂತಿದ್ದ ಯಾಕೂಬ್ ಅವನ್ನು ಅಷ್ಟು ಅಚ್ಚುಕಟ್ಟಾಗಿ ಕೊರೆದಿದ್ದ.

“ಇವ್ಯಾಕೋ ಯಾಕೂಬಣ್ಣ?”

“ಮಳೆನೀರು ಇಳಿದು ಹೋಗ್ಬೇಕಲ್ಲ ರೈಟ್ರೇ. ಎಲ್ಲಾ ಬಾಡಿಗೂ ಬಿಡ್ತೀನಿ.”

“ನೀರು ಕೆಳಗಿಂದ ಬರ್ತೈತಲ್ಲ ಮಾರಾಯ!”

ಯಾಕೂಬ್ ಸ್ವಲ್ಪ ಯೋಚಿಸಿದ. “ಲಾರೀಲಿ ಹಂಗೆ ಬಂದಿದ್ದಿಲ್ಲ.”

ಇಬ್ಬರಿಗೂ ಈಜು ಬಾರದು. ಕೂಗು ಕೇಳಿ ಕೂಲಿಯವರ ಲೈನುಮನೆಗಳಿಂದ ಕೆಂಚಮ್ಮ ಹೆಂಗಸರನ್ನು ಕಟ್ಟಿಕೊಂಡು ದಡಕ್ಕೆ ಓಡಿಬಂದಳು.

“ಹಗ್ಗ ಎಸೀರಿ ರೈಟ್ರೇ, ಎಳ್ಕತೀವಿ!”

ಯಾಕೂಬ್ ಹಗ್ಗದ ತುದಿಗೆ ತನ್ನ ಸ್ಪ್ಯಾನರ್ ಕಟ್ಟಿ ಬೀಸಿ ಎಸೆದ. ಕೆಂಚಮ್ಮನ ಕೈಗೆ ಸಿಕ್ಕಿತು. ಇನ್ನೊಂದು ತುದಿ ಸೋಮಯ್ಯನವರ ಕೈಯಲ್ಲಿತ್ತು. ಮೊದಲ ಹನಿ ಅವರ ಬೋಳುತಲೆಯ ಮೇಲೆ ಬಿತ್ತು. ಅವರು ಹಾಯಿಯನ್ನು ಸರಸರನೆ ಇಳಿಸಿ, ಮಡಚಿ, ಕೈಯಲ್ಲಿದ್ದ ಹಗ್ಗದ ತುದಿಯನ್ನು ಅದಕ್ಕೆ ಬಿಗಿದು ನೀರಿಗೆ ತಳ್ಳಿದರು.

“ಎಳೀರಿ!”

“ನೀವು?”

“ಮೊದ್ಲು ಕಣ ಮುಚ್ಚಿ!”

ಮೋಡ ಕಂಡರೆ ಕಣಕ್ಕೆ ಓಡುವುದು ಹೆಂಗಸರ ಕಾಲುಗಳಿಗೇ ಗೊತ್ತಿತ್ತು. ಟಾರ್ಪಾಲನ್ನು ಎಳೆದು, ಕೊಡವಿ, ಹೊತ್ತುಕೊಂಡು ಓಡಿಯೇಬಿಟ್ಟರು. ದೋಣಿ ಮುಳುಗಿ ಕೆರೆಯ ತಳದ ಕೆಸರಿನ ಮೇಲೆ ನೆಟ್ಟಗೆ ಕೂತಿತು. ನೀರಿನ ಮೇಲೆ ಉಳಿದದ್ದು ಹಾಯಿ ಕಟ್ಟಿದ್ದ ಸಿಲ್ವರ್ ಓಕಿನ ಕಂಬ, ಅದನ್ನು ತಬ್ಬಿಕೊಂಡ ಇಬ್ಬರು.

ಮಳೆ ಸುರಿಯಿತು. ಸೋಮಯ್ಯನವರು ಕಣದ ಕಡೆಗೆ ಕಿವಿಯಿಟ್ಟಿದ್ದರು. ಕೊನೆಗೆ ಕೆಂಚಮ್ಮನ ದನಿ ಬಂತು:

“ಒಂದ್ ಬೀಜಾನೂ ನೆಂದಿಲ್ಲ ಕಣ್ರೀ!”

ಅವರು ಉಸಿರು ಬಿಟ್ಟರು. ಬಿಟ್ಟ ಮೇಲೆ ನೀರು ಕತ್ತಿನವರೆಗೆ ಬಂದಿರುವುದು ಗಮನಕ್ಕೆ ಬಂತು.

“ಹಗ್ಗ ತಾರಮ್ಮ!”

“ಹಗ್ಗ ಟಾರ್ಪಾಲಿಗೆ ಬಿಗಿದ್ಬುಟ್ಟಿದೀವಿ! ಗಾಳಿ ಜೋರೈತೆ, ಬಿಚ್ಲಾ?”

ಯಾಕೂಬ್ ಅವರ ಮುಖವನ್ನೇ ಆಸೆಯಿಂದ ನೋಡಿದ. ಸೋಮಯ್ಯನವರು ಕಂಬವನ್ನು ಒಂದು ಗೇಣು ಮೇಲಕ್ಕೆ ಹತ್ತಿದರು.

“ಬ್ಯಾಡ,” ಎಂದು ಕೂಗಿದರು. “ಮಳೆ ನಿಲ್ಲಲಿ!”