ಸದ್ದು ಮಾಡದ ಟಿಪ್‌ಗಳು

ಚಟ್ಟದ ಬಿದಿರಿಗೆ ಹಗ್ಗ ಸುತ್ತುತ್ತಿದ್ದ ಸುಹಾಸನ ಕೈ ಮತ್ತೆ ನಿಂತಿತು. ಶೇಡಬಾಳದ ಕಡೆಯಿಂದ ಇನ್ನೊಂದು ಟ್ರ್ಯಾಕ್ಟರ್ ಬರುತ್ತಿತ್ತು. ಹಿಂದಿನ ಟ್ರಾಲಿಯಲ್ಲಿ ಜನ ನಿಂತಿದ್ದರು. ರಸ್ತೆಯ ತಗ್ಗಿಗೆ ಗಾಲಿ ಇಳಿದು ಏರುವವರೆಗೂ ಅವನು ಉಸಿರು ಬಿಡಲಿಲ್ಲ.

"ಯಾಕ ನಿಂದ್ರಿಸಿದಿ? ಬಿಗಿ ಎಳಿ," ಎಂದ ಅಪ್ಪಾಸಾಬ. ಸುಹಾಸನ ಸತ್ತ ಅಪ್ಪ ಉತ್ತಮನ ಬಾಲ್ಯದ ಗೆಳೆಯ ಅವನು, ಶೇಡಬಾಳದವ. "ನಮ್ಮ ಜೈನ ಮಂದ್ಯಾಗ ಹೆಣಾ ಇಟ್ಟಗೊಂಡು ಕುಂಡ್ರೂದಿಲ್ಲ. ಹೊತ್ತ ಹೋದಂಗ ಅದರಾಗ ಸೂಕ್ಷ್ಮ ಜೀವ ಹುಟ್ಟತಾವು. ಅವನ್ನೆಲ್ಲಾ ಸುಟ್ಟ ಪಾಪ ನಮಗ."

"ತಂಗಿ ಬ್ರಾಹ್ಮಿ ಬರಲಿ ಕಾಕಾ. ಗಂಡನ ಊರ ಐಗಳಿ ಬಿಟ್ಟಾರಂತ."

"ಬಂದ ಕೂಡ್ಲೇ ಎತ್ತೂದ. ಒಂದ ಗಳಿಗಿ ತಡಾ ಮಾಡೂದಿಲ್ಲ."

ಬೆಳಗ್ಗೆ ಚಹಾ ಕುಡಿದು, ಯಾರದೋ ಟ್ರಾಲಿಯ ಗಾಲಿ ಬಿಚ್ಚಲು ಕೂತಿದ್ದ ಉತ್ತಮ, ನಟ್ ಬಿಚ್ಚುವ ಪಾನಾ ಹಿಡಿದ ಕೈಯಲ್ಲೇ ಪಕ್ಕಕ್ಕೆ ವಾಲಿದ್ದ. ಸುಹಾಸ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಉಗಾರ ಬುದ್ರುಕದಲ್ಲಿ ಉತ್ತಮನ ಕಬ್ಬಿಣ ಕಡೆಯುವ ಲೇತ್ ಅಂಗಡಿ ಗೊತ್ತಿಲ್ಲದ ಕಬ್ಬಿನ ರೈತನಿಲ್ಲ. ಸುದ್ದಿ ಹೊಲದಿಂದ ಹೊಲಕ್ಕೆ ಹಬ್ಬಿತು. ಕಬ್ಬಿನ ಹಂಗಾಮು ಬೇರೆ. ಎಲ್ಲರ ಟ್ರ್ಯಾಕ್ಟರಿಗೂ ಟ್ರಾಲಿ ಕಟ್ಟಿಯೇ ಇತ್ತು. ಮಂದಿ ಅದರಲ್ಲೇ ಹತ್ತಿ ಬಂದರು. ರಸ್ತೆಯ ಎರಡೂ ಬದಿಗೆ ಟ್ರಾಲಿಗಳು ಸಾಲುಗಟ್ಟಿದವು.

"ಉತ್ತಮಣ್ಣನ ಕೈಯಾಗಿನ ಆಕ್ಸಲ್ ಅಂದ್ರ ಮೊಮ್ಮಕ್ಕಳ ಕಾಲಕ್ಕೂ ಜಗ್ಗೂದಿಲ್ಲ," ಎಂದರು ಯಾರೋ.

"ಅಲ್ಲೋ, ಅಂಥಾ ಜುಗ್ಗ, ಈಗೀಗ ಕರದ ಕರದ ಗಾಲಿ ಬಿಚ್ಚಿಸಿ ಪುಕ್ಕಟ ಗ್ರೀಸ್ ಹಾಕಿ ಕಳಸ್ತಿದ್ದ. ನಾ ಅವತ್ತ ಅಂದ್ಕೊಂಡೆ, ಈ ಮನಿಷಾ ಹಿಂಗ ಬದಲಾಗ್ಯಾನ ಅಂದ್ರ ಏನೋ ಕೆಟ್ಟದ್ದ ಐತಿ ಅಂತ."

ದುಃಖದ ನಡುವೆಯೂ ನಾಲ್ಕು ಮಂದಿ ನಕ್ಕರು. ಸುಹಾಸ ತಲೆ ತಗ್ಗಿಸಿ ಹಗ್ಗ ಎಳೆದ. ಪುಕ್ಕಟೆ ಗ್ರೀಸಿನ ಗುಟ್ಟು ಅಲ್ಲಿದ್ದವರಲ್ಲಿ ಅವನಿಗೂ ಅವನ ತಾಯಿಗೂ ಮಾತ್ರ ಗೊತ್ತಿತ್ತು.

*

ಲೇತಿನ ಟಿಪ್ ಕೊಳ್ಳುವುದರಲ್ಲಿ ಉತ್ತಮನದು ಎತ್ತಿದ ಕೈ. ಟಿಪ್ ಅಂದರೆ ಉಗುರಿನಗಲದ ಗಟ್ಟಿ ಬಿಲ್ಲೆ. ಹೋಲ್ಡರಿನ ತುದಿಗೆ ಸ್ಕ್ರೂ ಹಾಕಿ ಕೂರಿಸಿದರೆ ಕಬ್ಬಿಣ ಕೊಯ್ಯುತ್ತದೆ. ಒಂದು ಮೂಲೆ ಸವೆದರೆ ತಿರುಗಿಸಿ ಇನ್ನೊಂದು ಮೂಲೆ. ಎಲ್ಲ ಸವೆದರೆ ಮಗ್ಗುಲು ಮಗುಚಿ ಮತ್ತೆ ಮೊದಲಿನಿಂದ. "ಬಿಲ್ಲಿ ರೇಟ್ ಕೇಳಬ್ಯಾಡಲೇ, ಮೂಲಿ ರೇಟ್ ಕೇಳು," ಎಂದು ಮಗನಿಗೆ ಹೇಳಿಕೊಡುತ್ತಿದ್ದ.

ಕೊಲ್ಲಾಪುರದ ಹಳೇ ಸಾಮಾನಿನ ಸಂತೆಯಲ್ಲಿ ಕಾರ್ಖಾನೆಗಳಲ್ಲಿ ಉಳಿದ ಟಿಪ್‌ಗಳು ರಾಶಿಯಲ್ಲಿ ಸಿಗುತ್ತಿದ್ದವು. ಡಬ್ಬಿಯಿಲ್ಲ, ಚೀಟಿಯಿಲ್ಲ. ಉತ್ತಮ ಒಂದೊಂದನ್ನೂ ಬಿಸಿಲಿಗೆ ಹಿಡಿದು, ಹೆಬ್ಬೆರಳಿನ ಉಗುರಿಗೆ ತೀಡಿ ಆರಿಸುತ್ತಿದ್ದ. ಗಾಲಿಯ ಅಚ್ಚಾದ ಆಕ್ಸಲ್ಲಿಗೆ ಮೂಲೆ ದುಂಡಗಿರುವ ಟಿಪ್ಪೇ ಬೇಕು. ದಪ್ಪ ಆಕ್ಸಲ್ ಸಣ್ಣಗಾಗುವ ಮೆಟ್ಟಿಲಿನ ಬುಡದಲ್ಲಿ ಅದು ಸಣ್ಣ ಬಾಗು ಉಳಿಸುತ್ತದೆ. ಚೂಪು ಮೂಲೆಯದಾದರೆ ಅಲ್ಲಿ ಗೆರೆ ಬೀಳುತ್ತದೆ. ಮಡಚಿದ ಕಾಗದ ಮಡಿಕೆಯಲ್ಲೇ ಹರಿಯುವ ಹಾಗೆ, ಭಾರ ಬಿದ್ದಾಗ ಕಬ್ಬಿಣ ಆ ಗೆರೆಯಲ್ಲೇ ಬಿರಿಯುತ್ತದೆ.

ಹಿಂದಿನ ವರ್ಷ ಹಂಗಾಮಿಗೆ ಮೊದಲು ಆ ಸಂತೆಗೆ ಹೋದಾಗ ಅವನ ಕಣ್ಣಿಗೆ ಪೊರೆ ಬಂದಿತ್ತು. ಯಾರಿಗೂ ಹೇಳಿರಲಿಲ್ಲ.

"ಕಂಪನಿ ಡಬ್ಬಿದ ತಗೋಳೂಣ ಅಪ್ಪಾ. ಮೂಲಿ ಅಳತಿ ಡಬ್ಬಿ ಮ್ಯಾಲ ಬರದಿರತೈತಿ," ಎಂದಿದ್ದ ಸುಹಾಸ.

"ಡಬ್ಬಿಗೆ ಯಾಕ ರೊಕ್ಕಾ ಹಾಕೂದು? ಅದೇನ ಕಬ್ಬಿಣಾ ಕೊಯ್ತೈತೇನು?"

ಅವತ್ತು ತಂದ ಟಿಪ್‌ಗಳು ಅವನನ್ನು ಮರುಳು ಮಾಡಿದವು. ಅವನ ಹಳೇ ಲೇತ್ ಆಕ್ಸಲ್ ಕೊಯ್ಯುವಾಗ ಗಡಗಡ ನಡುಗಿ ಓಣಿಗೆಲ್ಲ ಕೇಳುವಂತೆ ಕಿರುಚುತ್ತಿತ್ತು. ಈ ಟಿಪ್ ಹಾಕಿದರೆ ತೆಪ್ಪಗಿರುತ್ತಿತ್ತು. "ಕೇಳ್ರಿ ಇಲ್ಲೆ! ಬೆಣ್ಣಿ ಕೊಯ್ದಂಗ ಕೊಯ್ಯಾಕತ್ತೈತಿ," ಎಂದು ದಾರಿಹೋಕರನ್ನೂ ಕರೆದು ಕೇಳಿಸಿದ. ಚೂಪು ಮೂಲೆಯಿಂದ ಯಂತ್ರದ ಮೇಲೆ ಒತ್ತಡ ಕಡಿಮೆ ಬೀಳುತ್ತದೆ, ಅದಕ್ಕೇ ನಡುಕವಿಲ್ಲ ಎಂಬುದು ಅವನಿಗೆ ಗೊತ್ತಿಲ್ಲದ್ದಲ್ಲ. ಆದರೆ ಕಣ್ಣು ಮಂಜಾದ ಮನುಷ್ಯ ಆ ವರ್ಷ ಕಿವಿಯನ್ನು ನಂಬಿಬಿಟ್ಟ. ಹಂಗಾಮಿನ ಆಕ್ಸಲ್ಲುಗಳೆಲ್ಲ ಅದೇ ಟಿಪ್ಪಿನಲ್ಲಿ ತಯಾರಾದವು.

*

ಸುಹಾಸ ಕೈ ತೊಳೆಯುವ ನೆವದಲ್ಲಿ ರಸ್ತೆಗೆ ಬಂದು ಟ್ರಾಲಿಗಳ ಸಾಲಿನಲ್ಲಿ ನಡೆದ. ಬಗ್ಗಿ ಒಂದು ಗಾಲಿಯ ನಡುವಿನ ಹಬ್ ನೋಡಿದ, ಇನ್ನೊಂದನ್ನು ಮುಟ್ಟಿದ. ಒಳಗೇನಿದೆಯೆಂದು ಹೊರಗಿನಿಂದ ತಿಳಿಯುವಂತಿರಲಿಲ್ಲ. ತಲೆ ಎತ್ತಿದರೆ ಅಪ್ಪಾಸಾಬ ಎದುರಿಗಿದ್ದ.

"ಮನ್ಯಾಗ ಅಪ್ಪನ ಹೆಣಾ ಐತಿ, ನೀ ಗಾಲಿ ನೋಡ್ಕೋತ ಅಡ್ಡ್ಯಾಡತಿ. ಮಂದಿ ಏನ ಅಂದಾರು?"

"ನಿಮ್ಮ ಟ್ರಾಲಿ ಯಾವುದ್ರಿ ಕಾಕಾ?"

"ನಂದ ಇಲ್ಲೆಲ್ಲೈತಿ? ಹುಡುಗ ಕಬ್ಬ ಹೇರಕೊಂಡ ಫ್ಯಾಕ್ಟರಿಗೆ ಹೋಗ್ಯಾನ. ನಾ ಮಂದಿ ಗಾಡ್ಯಾಗ ಬಂದೆ. ನಡಿ, ಒಳಗ ನಡಿ."

ಅಪ್ಪಾಸಾಬನಿಗೆ ಆಕ್ಸಲ್ ಮಾಡಿಕೊಟ್ಟದ್ದು ಹಿಂದಿನ ವರ್ಷವೋ ಅದರ ಹಿಂದಿನ ವರ್ಷವೋ, ಸುಹಾಸನಿಗೆ ನೆನಪಾಗಲಿಲ್ಲ.

*

ಈ ಸಲದ ಹಂಗಾಮು ಶುರುವಾಗುತ್ತಲೇ ಮಿರಜಿಗೆ ಹೋಗಿ ಪೊರೆ ತೆಗೆಸಿಕೊಂಡು ಬಂದ ವಾರದಲ್ಲೇ ಉತ್ತಮನ ಮುಂದೆ ಒಂದು ಮುರಿದ ಆಕ್ಸಲ್ ಬಂತು. ಕಾಲುವೆಯ ಹತ್ತಿರ ಕಬ್ಬಿನ ಟ್ರಾಲಿ ಮಗುಚಿತ್ತು. ಡ್ರೈವರ್ ಜಿಗಿದು ಉಳಿದಿದ್ದ. "ನಂದ ತಪ್ಪ, ಹೇರು ಜಾಸ್ತಿ ಆತು," ಎಂದು ಮಾಲಕ ತಾನೇ ತಪ್ಪೊಪ್ಪಿಕೊಂಡು ತುಂಡು ಇಟ್ಟು ಹೋದ.

ಉತ್ತಮ ಅದನ್ನು ಬಾಗಿಲಿನ ಬೆಳಕಿಗೆ ತಂದ. ಮೆಟ್ಟಿಲಿನ ಬುಡದಲ್ಲಿ ಉಗುರು ಆಡಿಸಿದ, ಸಿಕ್ಕಿಕೊಂಡಿತು. ಉಳಿದ ಟಿಪ್‌ಗಳನ್ನು ಅಂಗೈ ಮೇಲೆ ಸುರಿದು ನೋಡಿದ. ಎಲ್ಲವೂ ಚೂಪು ಮೂಲೆಯವೇ.

"ಸುಹಾಸ, ಬಾಗಲಾ ಮುಚ್ಚು."

"ಎಲ್ಲಾರಿಗೂ ಹೇಳಿಬಿಡೂಣ ಅಪ್ಪಾ."

"ಹೇಳಿದ್ರ ನಾಳಿಂದ ಈ ಬಾಗಲಾ ಯಾಂವ ತುಳಿತಾನ? ಗ್ರೀಸ್ ಹಾಕ್ತೀನಂತ ಒಬ್ಬೊಬ್ಬರನ್ನ ಕರಸ್ತೀನಿ. ಆಕ್ಸಲ್ ಬದಲಿ ಮಾಡಿ ಕಳಸ್ತೀನಿ. ನಾ ಇರೂತನಕ ಯಾರಿಗೂ ಗೊತ್ತಾಗಬಾರದು."

ಯಾರ್ಯಾರಿಗೆ ಕೊಟ್ಟಿದ್ದೆನೆಂಬುದು ಅವನ ತಲೆಯಲ್ಲಷ್ಟೇ ಇತ್ತು. ಅಂದಿನಿಂದ ಅವನು ಸರಿಯಾಗಿ ಉಣ್ಣಲಿಲ್ಲ. ದೂರದಲ್ಲಿ ಟ್ರ್ಯಾಕ್ಟರ್ ಸದ್ದಾದರೆ ಎದ್ದು ಬಾಗಿಲಿಗೆ ಬರುತ್ತಿದ್ದ.

*

ಬ್ರಾಹ್ಮಿ ಬಂದಳು. ಟ್ರಾಲಿ ನಿಲ್ಲುವ ಮೊದಲೇ ಇಳಿಯಲು ಹೋಗಿ ಮುಗ್ಗರಿಸಿ, ಎದ್ದು ಒಳಗೆ ಓಡಿದಳು. "ಅಪ್ಪಾ, ಮನ್ನಿ ಫೋನ್ ಮಾಡಿ ಗ್ರೀಸ್ ಹಾಕ್ತೀನಿ, ಟ್ರಾಲಿ ಕಳಸು ಅಂದಿದ್ದಿಯಲ್ಲೋ. ಅವತ್ತ ಅದರ ಕೂಡ ನಾನೂ ಬಂದಿದ್ರ ನಿನ್ನ ಮಾರಿ ನೋಡತಿದ್ನಲ್ಲೋ," ಎಂದು ಎದೆ ಎದೆ ಬಡಿದುಕೊಂಡಳು. ಅದನ್ನು ಕೇಳಿ ಸುಹಾಸ ಅವಳು ಬಂದ ಟ್ರಾಲಿಯತ್ತ ತಿರುಗಿದ.

ಹೊರಗೆ ಅದೇ ಐಗಳಿಯ ಟ್ರಾಲಿಗೆ ಕಟ್ಟಿಗೆ ಹೇರತೊಡಗಿದ್ದರು. ಸುಡುಗಾಡಿದ್ದ ಹೊಳೆಯ ದಂಡೆಗೆ ಕಡಿದಾದ ಇಳಿಜಾರು. ನಡೆಯಲಾಗದ ಮುದುಕರನ್ನು ಕಟ್ಟಿಗೆಯ ಮೇಲೆ ಕೂರಿಸಿದರು. ಚಟ್ಟ ಹೊರುವವರು ಮುಂದೆ, ಟ್ರಾಲಿ ಅವರ ಬೆನ್ನಿಗೆ.

"ಇನ್ನೂ ಹೇರ್ರಿ, ಏನ ಆಗೂದಿಲ್ಲ," ಎಂದ ಡ್ರೈವರ್ ಈಶ್ವರ. "ಹ್ವಾದ ವರ್ಷ ಉತ್ತಮಣ್ಣನ ಕಡಿಂದನ ಆಕ್ಸಲ್ ಹಾಕಿಸೇವಿ."

ಸುಹಾಸ ಬೆಂಕಿಯ ಗಡಿಗೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ. ತಾಯಿ ಲಕ್ಷ್ಮಿಬಾಯಿ ಅವನ ಮುಖ ನೋಡಿದಳು. ನೋಡಿದ ಕೂಡಲೇ ತಿಳಿದು ಅವನ ಮಣಿಕಟ್ಟು ಹಿಡಿದಳು.

"ಬೆಂಕಿ ಮುಟ್ಟೂತನಕ ಸುಮ್ಮನಿರೋ ಮಗನ. ನಿಮ್ಮಪ್ಪನ ಮಾರಿ ಇನ್ನೂ ಇಲ್ಲೇ ಐತಿ."

"ಅವ್ವಾ, ಇಳಿಜಾರ ಐತಿ."

"ಎಲ್ಲಾರೂ ಅವರನ್ನ ಹೊಗಳಾಕತ್ತಾರ. ಇದೊಂದ ತಾಸು."

ನಾಲ್ವರು ಚಟ್ಟ ಎತ್ತಿದರು. ಣಮೋಕಾರ ಮಂತ್ರ ಶುರುವಾಯಿತು. ಟ್ರ್ಯಾಕ್ಟರ್ ಗುಡುಗಿತು. ಕಟ್ಟಿಗೆಯ ಮೇಲಿದ್ದ ಮುದುಕನೊಬ್ಬ ಸುಹಾಸನನ್ನು ನೋಡಿ ಅಳುತ್ತಾ ಕೈ ಮುಗಿದ. ಆ ಕೈ ನೋಡಿ ಸುಹಾಸನಿಗೆ ತಡೆಯಲಾಗಲಿಲ್ಲ. ಗಡಿಗೆ ಕೆಳಗಿಟ್ಟು, ತಾಯಿಯ ಕೈ ಬಿಡಿಸಿಕೊಂಡು, ಓಡಿ ಟ್ರ್ಯಾಕ್ಟರಿನ ಮುಂದೆ ನಿಂತ.

"ಇಳೀರಿ! ಎಲ್ಲಾರೂ ಇಳೀರಿ. ಆಕ್ಸಲ್ ಮುರಿತೈತಿ."

"ಏನ ಮಾತಾಡ್ತೀಯೋ?" ಅಪ್ಪಾಸಾಬ ಗದರಿದ. "ಅದು ಉತ್ತಮ ಮಾಡಿದ್ದು."

"ಹೌದ್ರಿ ಕಾಕಾ, ಅಪ್ಪನ ಮಾಡಿದ್ದು. ಕಣ್ಣ ಕಾಣತಿರಲಿಲ್ಲ. ತಪ್ಪ ಟಿಪ್ ಹಾಕಿ ಮಾಡ್ಯಾನ. ಹ್ವಾದ ವರ್ಷದ್ವೆಲ್ಲಾ ಹಂಗ ಅದಾವು. ಗ್ರೀಸ್ ಅಂತ ಕರದು ಅದನ್ನ ಬದಲಿ ಮಾಡತಿದ್ದ. ಮುಗೀಲಿಲ್ಲ."

ಒಳಗೆ ಲಕ್ಷ್ಮಿಬಾಯಿಯ ನರಳಾಟ ಕೇಳಿಸಿತು. ಮಂತ್ರ ನಿಂತಿತು. ಚಟ್ಟ ಹೊತ್ತವರು ಏನು ಮಾಡಬೇಕೆಂದು ತೋಚದೆ ಅದನ್ನು ಅಂಗಳದಲ್ಲಿ ಇಳಿಸಿದರು.

ಈಶ್ವರ ನಂಬಲಿಲ್ಲ. ಮುದುಕರನ್ನು ಇಳಿಸಿ, ಜ್ಯಾಕ್ ಏರಿಸಿ, ಸಿಟ್ಟಿನಿಂದಲೇ ಗಾಲಿ ಕಳಚಿದ. ಸುಹಾಸ ಬೇರಿಂಗ್ ಸರಿಸಿ ಗ್ರೀಸ್ ಒರೆಸಿದ. ಮೆಟ್ಟಿಲಿನ ಬುಡದಲ್ಲಿ ಕೂದಲಿನಷ್ಟು ಸಣ್ಣ ಕಪ್ಪು ಗೆರೆ ಆಕ್ಸಲ್ಲಿನ ಅರ್ಧ ಸುತ್ತು ಹಬ್ಬಿತ್ತು.

ಯಾರೂ ಉತ್ತಮನನ್ನು ಬಯ್ಯಲಿಲ್ಲ. ಹೊಗಳಲೂ ಇಲ್ಲ. ಅಪ್ಪಾಸಾಬ ಜೇಬಿನಿಂದ ಫೋನ್ ತೆಗೆದು ಮಗನಿಗೆ ಹಚ್ಚಿದ. ಎತ್ತಲಿಲ್ಲ. ಮತ್ತೆ ಹಚ್ಚಿದ. ಫೋನ್ ಕಿವಿಗಿಟ್ಟುಕೊಂಡೇ ಫ್ಯಾಕ್ಟರಿಯ ದಾರಿ ಹಿಡಿದು ಮೊದಲು ನಡೆದ, ಆಮೇಲೆ ಓಡಿದ.

ಉಳಿದವರು ಒಬ್ಬೊಬ್ಬರಾಗಿ ಅಂಗಳದಿಂದ ಕರಗಿದರು. ರಸ್ತೆಯುದ್ದಕ್ಕೂ ಜ್ಯಾಕ್ ಏರಿಸುವ ಕಿರುಗುಟ್ಟುವಿಕೆ ಎದ್ದಿತು. ಬ್ರಾಹ್ಮಿ ಬಾಗಿಲ ಕಂಬ ಹಿಡಿದು ನಿಂತುಬಿಟ್ಟಳು. ಲಕ್ಷ್ಮಿಬಾಯಿ ಹೊರಗೆ ಬಂದು ಚಟ್ಟದ ಪಕ್ಕ ಕೂತು, ಸೆರಗಿನಿಂದ ಗಂಡನ ಮುಖದ ಮೇಲಿನ ನೊಣ ಓಡಿಸತೊಡಗಿದಳು. ಹೆಗಲು ಕೊಡಬೇಕಾದ ಗಂಡಸರೆಲ್ಲ ಸಾವಿಗೆ ಉಟ್ಟು ಬಂದ ಬಿಳಿ ಬಟ್ಟೆಯಲ್ಲೇ ಕುಕ್ಕರುಗಾಲಲ್ಲಿ ಕೂತು, ಉತ್ತಮನ ಕಡೆಗೆ ಬೆನ್ನು ಮಾಡಿ, ತಮ್ಮ ತಮ್ಮ ಗಾಲಿ ಬಿಚ್ಚುತ್ತಿದ್ದರು.