ಕಲ್ಲಿನಡಿ ಹೋದವರು

ಸಿಂಕಿನಲ್ಲಿ ತಟ್ಟೆ ತೊಳೆಯುತ್ತಿದ್ದ ಕೃಷ್ಣವೇಣಿಯ ಕೈ ತಟ್ಟನೆ ನಿಂತಿತು. ನಿನ್ನೆ ಜೋಸೆಬಾನ ಫ್ಲ್ಯಾಟಿನಿಂದ ಹೊರಡುವಾಗ "ಬರ್ತೀನಿ" ಎಂದು ಬಂದಿದ್ದಳು. ಊರಿನ ರೂಢಿ, ಹೋಗ್ತೀನಿ ಎಂದು ಯಾರ ಮನೆಯಿಂದಲೂ ಹೊರಡಬಾರದು. ಆದರೆ ಇವತ್ತು ಭಾನುವಾರ, ಡ್ಯೂಟಿಯಿಲ್ಲ. ಆ ಕುರುಡ ಮುದುಕ ಅವಳ ಮಾತನ್ನು ನಂಬಿ ಕಾಯುತ್ತಿರುತ್ತಾನೆ.

"ರೀ, ಕ್ರೋಯ್ಡನ್ನಿಗೆ ಹೋಗಿ ಬರ್ತೀನ್ರಿ."

"ರವಿವಾರಾನೂ ಬಿಡಂಗಿಲ್ಲೇನ ಆ ಮುದುಕನ್ನ?" ಗಂಡ ವಾಸು ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಕೌನ್ಸಿಲ್‌ನವರು ನಿನಗ ಪದಕಾ ಕೊಡ್ತಾರ ತಗೋ."

ಹೆದರಿಕೆ ಯಾಕೆಂದು ಹೇಳಿದ್ದರೆ ಇನ್ನೂ ನಗುತ್ತಿದ್ದ.

ಆ ವರ್ಷವಷ್ಟೇ ಶುರುವಾಗಿದ್ದ ಟ್ರಾಮಿನಲ್ಲಿ ಸೀಟು ಖಾಲಿಯಿದ್ದರೂ ಅವಳು ಕೂರಲಿಲ್ಲ, ನಿಂತೇ ಹೋದಳು. ವಯಸ್ಸಾದವರನ್ನು ಅವರ ಮನೆಯಲ್ಲೇ ನೋಡಿಕೊಳ್ಳುವ ಹೋಮ್ ಕೇರರ್ ಆಗಿ ಎಷ್ಟೋ ಮುದುಕರ ಮಾತು ಕೇಳಿದ್ದಳು, ನಿನ್ನೆಯದು ಬೇರೆ. ಜೋಸೆಬಾ ಏಳನೆಯ ವಯಸ್ಸಿನಲ್ಲಿ ಯುದ್ಧದಿಂದ ತಪ್ಪಿಸಿಕೊಂಡು ಸ್ಪೇನಿನ ಬಾಸ್ಕ್ ನಾಡಿನಿಂದ ಈ ದೇಶಕ್ಕೆ ಹಡಗಿನಲ್ಲಿ ಬಂದವನು. ಅಲ್ಲಿನ ಬೆಟ್ಟಗಳಲ್ಲಿ ಜೆಂಟಿಲ್ ಎಂಬ ದೈತ್ಯರಿದ್ದರಂತೆ. ಬಂಡೆಗಳನ್ನು ಚೆಂಡಿನಂತೆ ಎಸೆದಾಡುತ್ತಿದ್ದರಂತೆ, ಚಪ್ಪಡಿ ನಿಲ್ಲಿಸಿ ಕಲ್ಮನೆ ಕಟ್ಟಿದರಂತೆ.

"ನಮ್ಮ ಗಂಗಾವತಿ ಕಡೆ ಗುಡ್ಡದಲ್ಲೂ ಅಂಥ ಮನೆ ಇವೆ," ಎಂದಿದ್ದಳು. "ಮೋರೇರು ಅನ್ನೋ ಹಳೇ ಕಾಲದ ಜನರದು. ಕುಳ್ಳರು. ಬೆಂಕಿ ಮಳೆ ಬರುತ್ತೆ ಅಂತ ಹೆದರಿ ಕಟ್ಟಿಕೊಂಡರು."

"ನಿಮ್ಮವರು ಕುಳ್ಳರು, ನಮ್ಮವರು ಉದ್ದ. ಬಚ್ಚಿಟ್ಟುಕೊಳ್ಳೋಕೆ ಇಬ್ಬರಿಗೂ ಕಲ್ಲೇ ಬೇಕು!" ಎಂದು ನಕ್ಕಿದ್ದ.

ನಗು ನಿಂತ ಮೇಲೆ ಉಳಿದದ್ದನ್ನು ಹೇಳಿದ. ಒಂದು ಸಂಜೆ ಆಕಾಶದಲ್ಲಿ ಹೊಸ ನಕ್ಷತ್ರ ಮೂಡಿತು. ಎಲ್ಲರಿಗಿಂತ ಹಿರಿಯ ದೈತ್ಯನಿಗೆ ಕಣ್ಣು ತೆರೆಯಲಾಗದು. ಹೊರಗೆ ಹೊತ್ತು ತಂದು, ರೆಪ್ಪೆಗೆ ಕಡ್ಡಿ ಕೊಟ್ಟು ತೋರಿಸಿದರು. 'ಹೊಸ ದೇವರು ಹುಟ್ಟಿದ. ನಮ್ಮ ಕಾಲ ಮುಗೀತು. ನನ್ನನ್ನು ಬೆಟ್ಟದಿಂದ ಕೆಳಕ್ಕೆ ತಳ್ಳಿಬಿಡಿ' ಎಂದ. ತಳ್ಳಿದರು. ಉಳಿದವರು ಕಲ್ಲಿನಡಿ ಹೊಕ್ಕು ಮತ್ತೆ ಬರಲಿಲ್ಲ.

"ನಾಳೆ ನನ್ನನ್ನೂ ಬಾಲ್ಕನಿಗೆ ಕರಕೊಂಡು ಹೋಗು," ಎಂದಿದ್ದ ಜೋಸೆಬಾ. "ಆಕಾಶದಲ್ಲಿ ಏನಿದೆ ಹೇಳು."

ಅದನ್ನು ಕೇಳಿಯೂ ಅವಳು ಬರೀ ರೂಢಿಗೆ ಬರ್ತೀನಿ ಎಂದಿದ್ದಳು.

ಒಂಬತ್ತನೆಯ ಮಹಡಿಯಲ್ಲಿ ಲಿಫ್ಟ್ ಬಾಗಿಲು ಪೂರ್ತಿ ತೆರೆಯುವ ಮೊದಲೇ ಹೊರಬಿದ್ದಳು. ಕೀಲಿ ಎರಡು ಸಲ ತಪ್ಪಿತು. ಒಳಗೆಲ್ಲ ಕೊರೆಯುವ ಗಾಳಿ. ಬಾಲ್ಕನಿಯಲ್ಲಿ ಜೋಸೆಬಾ ಕೋಟು, ಟೈ ಹಾಕಿಕೊಂಡು ಸ್ಟೂಲಿನ ಮೇಲೆ ನಿಂತಿದ್ದ. ಒಂದು ಮಂಡಿ ಕಂಬಿಯ ಮೇಲಿತ್ತು.

ಕೂಗಿದರೆ ಬೆಚ್ಚುತ್ತಾನೆ. ಅವಳು ಮೆಲ್ಲಗೆ ಹೆಜ್ಜೆಯಿಟ್ಟಳು.

"ತಡ ಮಾಡಿದೆ," ಎಂದ ತಿರುಗದೆ. "ಏನಿದೆ ಹೇಳು."

ಆಫೀಸು ಕಟ್ಟಡಗಳ ಮೇಲೆ, ತಿಳಿಯಾದ ಡಿಸೆಂಬರ್ ಸಂಜೆಯಲ್ಲಿ, ದೀಪ ಹಚ್ಚಿಟ್ಟಂತೆ ಒಂದೇ ಒಂದು ನಕ್ಷತ್ರ. ಕೆಲಸದ ಹಾಳೆಯಲ್ಲಿ ಐದು ನಿಮಿಷವನ್ನೂ ಸುಳ್ಳು ಬರೆದವಳಲ್ಲ ಅವಳು.

"ಏನಿಲ್ಲ. ಮೋಡ."

"ಸರಿಯಾಗಿ ನೋಡು, ವೇಣಿ."

ಅವನ ಕೋಟಿನ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನೋಡಿದೆ. ಮೋಡಾನೇ."

ಕೆಳಗೆ ಎಲ್ಲೋ ಟ್ರಾಮಿನ ಗಂಟೆ ಕೇಳಿಸಿತು.

"ಮತ್ತೆ ಬೆಲ್ಟು ಯಾಕೆ ಬಿಡ್ತಾ ಇಲ್ಲ?"

"ಗಾಳಿ ಜೋರು."

ಕೊನೆಗೆ ಅವನ ಮಂಡಿ ಕಂಬಿಯಿಂದ ಇಳಿಯಿತು. ಆಮೇಲೆ ಬೆರಳುಗಳು ಒಂದೊಂದಾಗಿ ಕಂಬಿ ಬಿಟ್ಟವು.

ಒಳಗೆ ಸೋಫಾದ ಮೇಲೆ ಕೂರಿಸಿ ನೋಡಿದರೆ, ಅವನ ಅಂಗೈಗೆ ಅಡ್ಡಲಾಗಿ ಕಂಬಿಯ ಕೆಂಪು ಗೆರೆ ಮೂಡಿತ್ತು. ಆ ಎರಡೂ ಕೈಗಳನ್ನು ತನ್ನ ಕೈಗಳ ನಡುವೆ ಇಟ್ಟುಕೊಂಡು ಉಜ್ಜತೊಡಗಿದಳು. ಕೋಣೆ ಕತ್ತಲಾಗುತ್ತ ಬಂತು. ಲೈಟು ಹಾಕಲು ಏಳಬೇಕೆಂದರೆ ಕೈ ಬಿಡಬೇಕಾಗುತ್ತಿತ್ತು.