ಸಾಹೇಬನ ಮೂಗಿಗೆ ಶಾಕ್

ಸಂಜೆ ಆರಕ್ಕೆ ಬಾಗಿಲು ತೆರೆದರೆ, ಅತ್ತೆಮನೆಯಲ್ಲೇ ಇದ್ದ ಅಳಿಯನನ್ನು ಮೊದಲು ಎದುರುಗೊಳ್ಳುತ್ತಿದ್ದದ್ದು ಹೆಂಡತಿಯಲ್ಲ, ಬೆಕ್ಕು. ಹೊಟ್ಟೆ ದಪ್ಪ, ಗತ್ತು ಅದಕ್ಕಿಂತ ದಪ್ಪ. ಹಾಗಾಗಿ ಮನೆಯವರೆಲ್ಲ ಅದನ್ನು ಸಾಹೇಬ ಎನ್ನುತ್ತಿದ್ದರು. ಅಳಿಯ ತೋರುಬೆರಳು ಚಾಚುತ್ತಿದ್ದ, ಸಾಹೇಬ ಮೂಗು ತಂದು ಬೆರಳ ತುದಿಗೆ ತಾಗಿಸುತ್ತಿದ್ದ. ದಿನವಿಡೀ ಗಿರಾಕಿಗಳ ಕೊಂಕು ಕೇಳಿ ಸುಸ್ತಾಗಿ ಬಂದವನಿಗೆ ಆ ಒದ್ದೆ ಮೂಗೇ ದೊಡ್ಡ ಸಮಾಧಾನ.

ಈ ಚಳಿಗಾಲದಲ್ಲಿ ಅದಕ್ಕೂ ಕಲ್ಲು ಬಿತ್ತು. ಅವನು ಕೆಲಸಕ್ಕಿದ್ದ ಅಂಗಡಿಗೆ ಪಾಲಿಯೆಸ್ಟರ್ ಕಂಬಳಿಗಳು ಬಂದವು. ಕಂಬಳಿ ಮಾರುವುದರಲ್ಲಿ ಅವನದೇ ಒಂದು ವರಸೆ: ಬಿಚ್ಚಿ ಮೈಮೇಲೆ ಹೊದ್ದು, ಎರಡೂ ಕೆನ್ನೆಗೆ ಉಜ್ಜಿ, ಕಣ್ಣು ಮುಚ್ಚಿ, ಇನ್ನೇನು ನಿದ್ದೆ ಬಂದೇಬಿಟ್ಟಿತು ಎಂಬಂತೆ ನಿಲ್ಲುವುದು. ದಿನಕ್ಕೆ ನಲವತ್ತು ಸಲ ಹೀಗೆ ಉಜ್ಜಿಕೊಂಡರೆ ಒಣ ಹವೆಯಲ್ಲಿ ಮೈಯೆಲ್ಲ ಕರೆಂಟು. ಬಾಗಿಲ ಹಿಡಿ ಮುಟ್ಟಿದರೆ ಚಟ್. ನಲ್ಲಿ ಮುಟ್ಟಿದರೆ ಚಟ್. ಅಂಗಡಿಯ ಯಜಮಾನರಂತೂ ಅವನ ಕೈಗೆ ಕೀಲಿ ಕೊಡುವುದನ್ನು ಬಿಟ್ಟು ಮೇಜಿನ ಮೇಲಿಟ್ಟು ದೂರ ಸರಿಯುತ್ತಿದ್ದರು.

ಒಂದು ಸಂಜೆ ಬೆರಳು ಚಾಚಿದ, ಮೂಗು ಬಂತು, ಚಟ್. ಸಾಹೇಬ ಮೊಳದೆತ್ತರ ಹಾರಿ, ನೇರ ಅತ್ತೆಯ ಮಡಿಲಲ್ಲಿ ಇಳಿದ.

"ಬೆಕ್ಕಿಗೆ ಮನುಷ್ಯರ ಗುಣ ಗೊತ್ತಾಗತ್ತೆ, ಅಳಿಯಂದ್ರೇ," ಎಂದರು ಅತ್ತೆ, ಅದರ ಕತ್ತು ತುರಿಸುತ್ತ.

ಈ ಮಾತನ್ನು ಅವರು ಒಂದು ತಿಂಗಳು ದಿನಾ ಹೇಳಿದರು. ಅಳಿಯನಿಗೆ ಅನ್ನ ರುಚಿಸಲಿಲ್ಲ. ಬೆಕ್ಕೊಂದು ಮುಖ ತಿರುಗಿಸಿದ್ದಕ್ಕೆ ಇಷ್ಟು ಸಂಕಟಪಡುವುದು ನಗೆಪಾಟಲು ಎಂದು ಅವನಿಗೂ ಗೊತ್ತಿತ್ತು, ಆದರೂ ಸಂಕಟವಾಗುತ್ತಿತ್ತು. ಕರೆಂಟಿಗೆ ರಬ್ಬರೇ ಮದ್ದು ಎಂದು ಲೆಕ್ಕ ಹಾಕಿ ಎರಡು ಬೆರಳು ದಪ್ಪದ ರಬ್ಬರ್ ಚಪ್ಪಲಿ ತಂದ. ಅವತ್ತು ಸಂಜೆ ಬೆರಳಿಂದ ಕಿಡಿಯೇ ಹಾರಿತು. ಸಾಹೇಬ ಎರಡು ದಿನ ಅಲಮಾರಿನ ಮೇಲಿಂದ ಕೆಳಗಿಳಿಯಲಿಲ್ಲ.

ಮಹಡಿ ಮೇಲಿನ ಮನೆಯ ಟ್ಯಾಂಕರ್ ಡ್ರೈವರ್ ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಹೊರಗೆ ಹೋಗೋ ಕರೆಂಟನ್ನ ಒಳಗೇ ಕೂಡಿಹಾಕಿದೀಯಲ್ಲ, ಮಾರಾಯ. ಪೆಟ್ರೋಲ್ ಟ್ಯಾಂಕರ್ ಹಿಂದೆ ಸರಪಳಿ ನೇತಾಡೋದು ನೋಡಿಲ್ವಾ? ನೆಲಕ್ಕೆ ಇಳಿದುಹೋಗಲಿ ಅಂತ ಅದು."

ಮರುದಿನ ಅಳಿಯ ಬರಿಗಾಲಲ್ಲಿ ಒಳಗೆ ಬಂದ. ಅಂಗಿಯೊಳಗೆ ಸೊಂಟಕ್ಕೆ ಮೂರು ಸುತ್ತು ಕಬ್ಬಿಣದ ಸರಪಳಿ, ಅದರ ತುದಿ ಬಾಲದಂತೆ ನೆಲ ಸವರುತ್ತ ಝಣಝಣ. ಹೆಂಡತಿ ಒಮ್ಮೆ ನೋಡಿ ಒಳಗೆ ಹೋದಳು. ಸಾಹೇಬ ಮಾತ್ರ ಅತ್ತೆಯ ಮಡಿಲಿಂದ ಧುಮುಕಿ ಬಂದು ಸರಪಳಿಯ ತುದಿಗೆ ಪಂಜ ಹಾಕಿದ, ಕಚ್ಚಿದ, ಕೊನೆಗೆ ತಲೆಯೆತ್ತಿದ. ಅಳಿಯ ಉಸಿರು ಬಿಗಿಹಿಡಿದು ಬೆರಳು ಚಾಚಿದ.

ಒದ್ದೆ ಮೂಗು ಬಂದು ತಾಗಿತು. ಚಟ್ ಇಲ್ಲ, ಏನೂ ಇಲ್ಲ. ಅವನ ಕಣ್ಣು ತುಂಬಿ ಬಂತು.

ಆ ಖುಷಿಯಲ್ಲಿ ಅವನು ಅತ್ತೆಗೆ ಅಂಗಡಿಯ ಅತ್ಯಂತ ಮೆತ್ತನೆಯ ಕಂಬಳಿ ತಂದುಕೊಟ್ಟ. ಅದರ ಹಿಂದೆ ಕುಹಕವಿರಲಿಲ್ಲ ಎಂದು ನಾನು ಆಣೆ ಮಾಡಿ ಹೇಳಲಾರೆ. ಅತ್ತೆ ಅದನ್ನು ಹೊದ್ದು, ಹೊರಳಿ, ಕೆನ್ನೆಗೆ ಉಜ್ಜಿಕೊಂಡು, ಪಕ್ಕದಲ್ಲಿದ್ದ ಸಾಹೇಬನ ಕತ್ತಿಗೆ ಕೈಹಾಕಿದರು.

ಚಟ್.

ಸಾಹೇಬ ಈ ಸಲ ಅಳಿಯನ ಹೆಗಲೇರಿದ. ಒಂದು ತಿಂಗಳಿಂದ ಕೇಳಿದ ಮಾತು ಅಳಿಯನ ನಾಲಗೆಯ ತುದಿಗೆ ಬಂದು ಕೂತಿತ್ತು. ಅಷ್ಟರಲ್ಲಿ ಅತ್ತೆಯ ಮುಖ ಕಂಡಿತು. ಬೆರಳನ್ನು ಇನ್ನೂ ಹಾಗೇ ಚಾಚಿಕೊಂಡಿದ್ದರು, ಥೇಟ್ ಅವತ್ತಿನ ತನ್ನದೇ ಮುಖ. ಮಾತನ್ನು ನುಂಗಿಕೊಂಡ. ಮಹಡಿ ಹತ್ತಿ ಡ್ರೈವರ್‌ನ ಇಕ್ಕಳ ಇಸಕೊಂಡು ಬಂದು, ಸರಪಳಿ ಬಿಚ್ಚಿ ಎರಡು ತುಂಡು ಮಾಡಿದ.

"ಬಿಗಿ ಆಗತ್ತಾ, ಅತ್ತೆ?"

"ಪರವಾಗಿಲ್ಲ. ತುದಿ ಇನ್ನೊಂದಿಷ್ಟು ಉದ್ದ ಬಿಡಿ," ಎಂದರು ಅತ್ತೆ. "ನಿಮ್ಮದಕ್ಕಿಂತ."